ಮನೆಯ ಕೆಲಸ: ಲ್ಯಾಮಿನೇಟ್ ನೆಲದ ಹಲಗೆಯನ್ನು ಕೊಯ್ಯುವ ಕ್ರಮ

ನಮ್ಮ ಹಿರಿಯರ ಕಾಲದಲ್ಲಿ ನೆಲವೆಂದರೆ ಸಗಣಿಯಿಂದ ಸಾರಿಸಿದ ಮಣ್ಣಿನ ನೆಲ. ಅನಂತರ ಗಾರೆಯ ನೆಲ, ಕಡಪದ ಕಲ್ಲಿನ ನೆಲ, ರೆಡ್ ಆಕ್ಸೈಡಿನ ಕೆಂಪು ನೆಲ, ಮೊಸಾಯಿಕ್ ನೆಲಗಳು ಒಂದಾದ ಮೇಲೊಂದು ಬಂದುವು. ಈಗ ಬೆಂಗಳೂರಿನಂತಹ ಊರುಗಳ ಬಹುಮಹಡಿ ವಸತಿಗಳಲ್ಲಿ, ಇರುವ ಟೈಲ್ಸ್ ನೆಲವನ್ನು ಕೀಳದೆ, ಅದರ ಮೇಲೆಯೇ ಮಲಗುವ ಕೋಣೆಯಷ್ಟಕ್ಕೆ ಮರದ ಬಣ್ಣದ ಲ್ಯಾಮಿನೇಟ್ ಹಲಗೆಯನ್ನು ಹಾಸಿಕೊಳ್ಳುವ ಗೃಹಸ್ಥರುಂಟು. ಅಂಟಿಲ್ಲ, ಮೊಳೆಯಿಲ್ಲ, ಎರಡು ದಿನದ ಕೆಲಸವೆಂದು ಅಂಗಡಿಯವರು ಹೇಳುವರು. ಮಾತು ಸುಳ್ಳಲ್ಲ. ಹಲಗೆಗೆ ಹಲಗೆಯನ್ನು ಓರೆಯಾಗಿ ಹಿಡಿದು ಒತ್ತಿದರೆ ಒಂದರ ನಾಲಗೆಯು ಮತ್ತೊಂದರ ತೋಡಿನಲ್ಲಿ ಟಪ್ಪೆಂದು ಕುಳಿತುಕೊಳ್ಳುವುದು; ಹತ್ತು ವರ್ಷದ ಹುಡುಗನೂ ಇದನ್ನು ಮಾಡಬಲ್ಲನು. ಗೃಹಸ್ಥರ ಕೈ ಸೋಲುವುದು ಗೋಡೆಯ ಬಳಿಗೆ ಬಂದಾಗ, ಎಂದರೆ ಕೊಯ್ಯುವಲ್ಲಿ. ಹಾಸುವ ಮೊದಲು ನೆಲದ ಮಟ್ಟವನ್ನು ನೋಡಿಕೊಳ್ಳುವ ವಿಷಯವನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಈ ಸಲ ಕೊಯ್ಯುವುದೊಂದನ್ನೇ ಎತ್ತಿಕೊಂಡಿರುವೆವು.

ಮೊದಲು ಈ ಹಲಗೆಯು ಏನೆಂಬುದನ್ನು ತಿಳಿಯತಕ್ಕುದು. ಇದು ತೇಗದಂತೆ, ಹೊನ್ನೆಯಂತೆ ಒಂದೇ ಮರದ ಹಲಗೆಯಲ್ಲ. ಮರದ ನಾರನ್ನು ರಾಳದೊಡನೆ ಬೆರೆಸಿ, ಬಿಸಿಯಲ್ಲಿ ಬಲವಾಗಿ ಒತ್ತಿ ಮಾಡಿದ ಗಟ್ಟಿಯಾದ ತಿರುಳು. ಅದರ ಮೇಲೆ ಮರದ ಗೆರೆಗಳನ್ನು ಅಚ್ಚು ಹಾಕಿದ ಕಾಗದ. ಅದರ ಮೇಲೆ ಮೆಲಮೈನ್ ರಾಳದ ಪಾರದರ್ಶಕವಾದ ಹೊರಪದರ. ಹಲಗೆಯು ಬಾಗದಂತೆ ಬೆನ್ನಿಗೂ ಒಂದು ಪದರ. ಎಲ್ಲವೂ ಸೇರಿ ದಪ್ಪವು ಸಾಮಾನ್ಯವಾಗಿ 8 ಮಿಲಿಮೀಟರ್. ಸ್ವೀಡನ್ ದೇಶದ ಪರ್ಸ್ಟಾರ್ಪ್ ಎಂಬ ಸಂಸ್ಥೆಯವರು ಇದನ್ನು 1977ರಲ್ಲಿ ಕಂಡುಹಿಡಿದು, 1984ರಲ್ಲಿ ಪರ್ಗೋ ಎಂಬ ಹೆಸರಿನಿಂದ ಪೇಟೆಗೆ ತಂದರು. ಆಗ ಹಲಗೆಗಳನ್ನು ಅಂಟು ಹಾಕಿ ಕೂಡಿಸುತ್ತಿದ್ದರು. ಅಂಟಿಲ್ಲದೆ ಕಚ್ಚಿಕೊಳ್ಳುವ ಈಗಿನ ಸಂದು 1996-97ರ ಸುಮಾರಿಗೆ ಸ್ವೀಡನ್ನಿನ ವಾಲಿಂಗೆ, ಬೆಲ್ಜಿಯಮ್ಮಿನ ಯೂನಿಲಿನ್ ಎಂಬ ಸಂಸ್ಥೆಗಳಿಂದ ಬಂದಿತು.

ಕೊಯ್ಯುವವನಿಗೆ ಇದರಲ್ಲಿ ಮುಖ್ಯವಾದ ಸಂಗತಿಗಳು ಎರಡು. ಮೇಲಿನ ಪದರವು ಸವೆಯದಿರಲೆಂದು ಅದರಲ್ಲಿ ಅಲ್ಯುಮಿನಿಯಮ್ ಆಕ್ಸೈಡಿನ ಸೂಕ್ಷ್ಮವಾದ ಕಣಗಳನ್ನು ಬೆರೆಸಿರುತ್ತಾರೆ. ಮಾಣಿಕ್ಯ, ನೀಲಗಳಿಗೂ ಸಾಣೆಯವರ ಕುರುಂದದ ಕಲ್ಲಿಗೂ ಮೂಲದ್ರವ್ಯ ಇದೇ. ಆದಕಾರಣ ಈ ಹಲಗೆಯನ್ನು ಕೊಯ್ಯುವುದೆಂದರೆ ಗರಗಸದ ಹಲ್ಲನ್ನು ಸಾಣೆಕಲ್ಲಿಗೆ ತಿಕ್ಕಿದಂತೆಯೇ ಸರಿ. ತಾತನವರ ಕಾಲದ ಒಳ್ಳೆಯ ಗರಗಸವನ್ನು ಇದಕ್ಕೆ ತೆಗೆಯಬಾರದು. ಎರಡನೆಯದು, ಹೊರಪದರವು ಗಡುಸಾಗಿರುವಷ್ಟೇ ಬಿರುಸು. ಗಾಜಿನಂತೆ ಅಂಚಿನಲ್ಲಿ ಚಕ್ಕೆ ಏಳುವುದು. ಚಕ್ಕೆ ಎದ್ದ ಕಡೆ ಒಳಗಿನ ಕಂದುಬಣ್ಣದ ತಿರುಳು ಕಾಣುವುದು. ಅದನ್ನು ಮೇಣದಿಂದ ಮುಚ್ಚಬಹುದೇ ಹೊರತು ಮೊದಲಿನಂತೆ ಮಾಡಲಾಗದು.

ಚಕ್ಕೆ ಏಳದಂತೆ ಕೊಯ್ಯುವ ಗುಟ್ಟು ಬೆಲೆಬಾಳುವ ಯಂತ್ರದಲ್ಲಿಲ್ಲ, ಹಲ್ಲಿನ ದಿಕ್ಕಿನಲ್ಲಿದೆ. ಗರಗಸದ ಹಲ್ಲು ಯಾವ ಮುಖದಿಂದ ಒಳಹೊಗುವುದೋ ಆ ಮುಖದ ಅಂಚು ಶುದ್ಧವಾಗಿರುವುದು. ಯಾವ ಮುಖದಿಂದ ಹೊರಬೀಳುವುದೋ ಅಲ್ಲಿ ಚಕ್ಕೆ ಏಳುವುದು. ಆದುದರಿಂದ ಹಲ್ಲು ಬಣ್ಣದ ಮುಖದಿಂದ ಹೊಕ್ಕು ಬೆನ್ನಿನಿಂದ ಹೊರಬೀಳುವಂತೆ ಹಲಗೆಯನ್ನಿಡಬೇಕು. ಉಳಿದುದೆಲ್ಲವೂ ಇದರಿಂದಲೇ ಹುಟ್ಟುವುದು. ಮುಂದಕ್ಕೆ ದೂಡುವಾಗ ಕೊಯ್ಯುವ ಕೈಗರಗಸವು ಮೇಲಿನಿಂದ ಕೆಳಕ್ಕೆ ಕೊಯ್ಯುವುದಾಗಿ, ಅದಕ್ಕೆ ಬಣ್ಣದ ಮುಖ ಮೇಲಿರಬೇಕು. ಹಲ್ಲುಗಳು ಹಿಡಿಯ ಕಡೆಗೆ ಬಾಗಿದ್ದು, ಎಳೆಯುವಾಗ ಕೊಯ್ಯುವ ಗರಗಸಗಳೂ ಉಂಟು. ಅವುಗಳಿಗೆ ಇದು ತಿರುಗುಮುರುಗು. ಕೊಳ್ಳುವಾಗ ಹಲ್ಲನ್ನು ನೋಡಿ ಕೊಳ್ಳುವುದು ಲೇಸು. ಜಿಗ್ ಸಾ ಎಂಬ ಯಂತ್ರದ ಅಲಗು ಕೆಳಗಿನಿಂದ ಮೇಲಕ್ಕೆ ಬರುವಾಗ ಕೊಯ್ಯುವುದರಿಂದ ಬಣ್ಣದ ಮುಖವನ್ನು ಕೆಳಗೆ ಮಾಡಬೇಕು. ಇಲ್ಲವೇ ಹಲ್ಲು ಕೆಳಮುಖವಾಗಿರುವ ಅಲಗನ್ನು ಕೇಳಿ ತರಬೇಕು. ಕೈಯಲ್ಲಿ ಹಿಡಿದು ನಡೆಸುವ ಚಕ್ರಗರಗಸಕ್ಕೂ ಮುಖ ಕೆಳಗೆ. ಮೇಜಿಗೆ ಕೂಡಿಸಿದ ಚಕ್ರಗರಗಸಕ್ಕೂ, ಮೇಲಿನಿಂದ ಇಳಿದು ಕೊಯ್ಯುವ ಯಂತ್ರಕ್ಕೂ ಮುಖ ಮೇಲೆ. ಅನುಮಾನ ಬಂದರೆ ಪುಸ್ತಕ ಹುಡುಕಬೇಕಾಗಿಲ್ಲ. ಒಂದು ಚೂರನ್ನು ಕೊಯ್ದು ಎರಡು ಮುಖಗಳನ್ನೂ ಬೆರಳಿನಿಂದ ಸವರಿ ನೋಡಿದರೆ ತಿಳಿಯುವುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕಾಗಿದೆ. ಕೊಯ್ದ ಅಂಚುಗಳಲ್ಲಿ ಬಹುಪಾಲು ಗೋಡೆಯ ಬುಡದ ಸ್ಕರ್ಟಿಂಗ್ ಪಟ್ಟಿಯ ಕೆಳಗೆ ಅಡಗಿಹೋಗುವುವು. ಅಲ್ಲಿ ನೂಲಿನಷ್ಟು ಚಕ್ಕೆ ಎದ್ದರೆ ನೋಡುವವರು ಯಾರು? ಶುದ್ಧವಾದ ಅಂಚು ಬೇಕಾದುದು ಬಾಗಿಲ ಚೌಕಟ್ಟಿನ ಬಳಿ, ಕೊಳವೆಯ ಸುತ್ತ, ಪಕ್ಕದ ಕೋಣೆಯ ನೆಲಕ್ಕೆ ಸೇರುವಲ್ಲಿ ಮಾತ್ರ. ಈ ಎಡೆಗಳಲ್ಲಿ ಗೆರೆಯ ಮೇಲೆ ಕಾಗದದ ಅಂಟುಪಟ್ಟಿಯನ್ನು ಹಚ್ಚಿ, ಅಲಗಿನಿಂದ ಗೆರೆಯನ್ನು ಎರಡು ಮೂರು ಸಲ ಗೀಚಿ, ಅನಂತರ ಕೊಯ್ದರೆ ಸಾಕು. ಮಿಕ್ಕ ಕಡೆಗಳಲ್ಲಿ ಅಂಚನ್ನು ಅರದಿಂದ ಉಜ್ಜುತ್ತ ಕಾಲ ಕಳೆಯುವುದು ವ್ಯರ್ಥ.

ಇನ್ನು ಒಂದು ಕೋಣೆಗೆ ಎಷ್ಟು ಕೊಯ್ತಗಳು ಬೇಕಾಗುವುವೆಂಬುದನ್ನು ಲೆಕ್ಕ ಹಾಕಿ ನೋಡೋಣ. ಈ ಲೆಕ್ಕವನ್ನು ಮಾಡದೆಯೇ ಜನರು ಯಂತ್ರಗಳಿಗೆ ಹಣ ಸುರಿಯುವರು. ಕೋಣೆಯ ಉದ್ದ 3360 ಮಿಲಿಮೀಟರ್, ಎಂದರೆ ಹನ್ನೊಂದು ಅಡಿಗೆ ತುಸು ಮೇಲು. ಅಗಲ 3048, ಎಂದರೆ ಹತ್ತು ಅಡಿ ಎಂದಿಟ್ಟುಕೊಳ್ಳೋಣ. ಹಲಗೆಯ ಅಳತೆ 1215ಕ್ಕೆ 195. ನಾಲ್ಕು ಗೋಡೆಗಳ ಬಳಿಯಲ್ಲಿಯೂ 10 ಮಿಲಿಮೀಟರ್ ತೆರಪು ಬಿಡಬೇಕು. ಅದರ ಕಾರಣವನ್ನು ಮುಂದೆ ಹೇಳುವೆವು. ಹಾಗಾದರೆ ಹಲಗೆ ಬೀಳುವ ಉದ್ದ 3340, ಅಗಲ 3028.

ಮೊದಲನೆಯ ಸಾಲಿಗೆ ಎರಡು ಇಡೀ ಹಲಗೆಗಳು, ಮೂರನೆಯದರಲ್ಲಿ 910 ಮಿಲಿಮೀಟರಿನ ತುಂಡು. ಉಳಿದ ಚೂರು, ಗರಗಸದ ಬಾಯಿಗೆ ಹೋದುದನ್ನು ಕಳೆದು, 303. ಇದನ್ನು ಎಸೆಯಬಾರದು, ಎರಡನೆಯ ಸಾಲು ಇದರಿಂದಲೇ ಮೊದಲಾಗತಕ್ಕುದು. ಆಗ ಆ ಸಾಲಿನ ಕೊನೆಗೆ 607 ಬೇಕಾಗಿ, ಉಳಿಯುವುದು 606. ಮೂರನೆಯ ಸಾಲಿನ ಮೊದಲಿಗೆ 606, ಕೊನೆಗೆ 304, ಉಳಿಯುವುದು 909. ನಾಲ್ಕನೆಯ ಸಾಲಿಗೆ 909ರ ತುಂಡಿನ ಮುಂದೆ ಎರಡು ಇಡೀ ಹಲಗೆಗಳನ್ನಿಟ್ಟರೆ ಕೊಯ್ಯದೆಯೇ ಸಾಲು ಮುಗಿಯುವುದು. ಐದನೆಯದು ಮೊದಲಿನಂತೆ ಇಡೀ ಹಲಗೆಯಿಂದ. ಹೀಗೆ ನಾಲ್ಕು ಸಾಲಿಗೆ ಮೂರೇ ಅಡ್ಡಗೊಯ್ತಗಳು. ಅಗಲದಲ್ಲಿ ಹದಿನೈದು ಸಾಲು ಇಡಿಯಾಗಿ ಬಿದ್ದು, ಹದಿನಾರನೆಯದಕ್ಕೆ 103 ಮಿಲಿಮೀಟರ್ ಉಳಿಯುವುದು. ಒಟ್ಟು ಹನ್ನೆರಡು ಅಡ್ಡಗೊಯ್ತಗಳು, ಕೊನೆಯ ಸಾಲಿಗೆ ಹನ್ನೊಂದು ಅಡಿಯ ಒಂದು ಉದ್ದಗೊಯ್ತ, ಹಲಗೆಗಳು 44. ಕೆಡುವುದಕ್ಕೆಂದು ಮೂರು ನಾಲ್ಕನ್ನು ಹೆಚ್ಚಾಗಿ ತಂದರಾಯಿತು. ಇಷ್ಟು ಕೆಲಸಕ್ಕೆ ಇಂಚಿಗೆ ಹನ್ನೆರಡರಷ್ಟು ಹಲ್ಲುಗಳುಳ್ಳ ಒಂದು ಹೊಸ ಕೈಗರಗಸವು ಧಾರಾಳವಾಗಿ ಸಾಕು. ಕೋಣೆ ಮುಗಿಯುವ ಹೊತ್ತಿಗೆ ಅದು ಮೊಂಡಾದರೆ ಆಗಲಿ. ಉದ್ದಗೊಯ್ತವು ಕೈಗೆ ಬೇಸರವೆನ್ನಿಸಿದರೆ ಅದೊಂದಕ್ಕೆ ಜಿಗ್ ಸಾ ಯಂತ್ರವನ್ನು ಬಾಡಿಗೆಗೆ ತರಬಹುದು.

ಎಲ್ಲ ಕೋಣೆಗಳೂ ಇಷ್ಟು ಅನುಕೂಲವಾಗಿರವು. ಹನ್ನೆರಡು ಅಡಿಯ ಕೋಣೆಯನ್ನೇ ನೋಡಿರಿ: ಉದ್ದ 3658, ತೆರಪು ಕಳೆದರೆ 3638, ಮೂರು ಹಲಗೆಗಳ ಉದ್ದ 3645. ಉಳಿಯುವ ಚೂರು 7 ಮಿಲಿಮೀಟರ್. ಅದು ಯಾವುದಕ್ಕೂ ಬಾರದು. ಎಲ್ಲ ಸಾಲುಗಳನ್ನೂ ಇಡೀ ಹಲಗೆಯಿಂದಲೇ ತೊಡಗಿದರೆ ಸಂದುಗಳೆಲ್ಲ ಒಂದೇ ಗೆರೆಗೆ ಬಂದು ನೆಲವು ಬಲಹೀನವಾಗುವುದು. ಇಟ್ಟಿಗೆಯ ಗೋಡೆಯನ್ನು ಕಟ್ಟುವವನು ಸಂದಿನ ಮೇಲೆ ಸಂದು ಬಾರದಂತೆ ನೋಡಿಕೊಳ್ಳುವನಷ್ಟೆ. ಇಲ್ಲಿಯೂ ಪಕ್ಕಪಕ್ಕದ ಸಾಲುಗಳ ಸಂದಿನ ನಡುವೆ ಒಂದು ಅಡಿಯ ಅಂತರ ಬೇಕು. ಇಂತಹ ಕೋಣೆಯಲ್ಲಿ ಸಾಲು ಬಿಟ್ಟು ಸಾಲಿಗೆ ಮೊದಲ ಹಲಗೆಯನ್ನು ಬೇಕೆಂದೇ 400 ಮಿಲಿಮೀಟರಿಗೆ ಕೊಯ್ದು ತೊಡಗಬೇಕಾಗುವುದು. ಆದಕಾರಣ ಗರಗಸವನ್ನು ಹಿಡಿಯುವ ಮೊದಲು ಒಂದು ಹಾಳೆಯ ಮೇಲೆ ಎಲ್ಲ ಸಾಲುಗಳನ್ನೂ ಬರೆದುಕೊಳ್ಳತಕ್ಕುದು. ಕೊನೆಯ ಸಾಲು 50 ಮಿಲಿಮೀಟರಿಗಿಂತ ಕಿರಿದಾಗಿ ಬರುವಂತಿದ್ದರೆ ಮೊದಲನೆಯ ಸಾಲನ್ನೂ ತುಸು ಕೊಯ್ದು ಕೊನೆಯದನ್ನು ಅಗಲಿಸಿಕೊಳ್ಳಬೇಕೆಂಬುದೂ ಆ ಹಾಳೆಯಲ್ಲಿಯೇ ತಿಳಿದುಬರುವುದು.

ಲೆಕ್ಕವು ಹಾಳೆಯಲ್ಲಿ, ಗುರುತು ಮಾತ್ರ ನೆಲದ ಮೇಲೆಯೇ ಆಗಬೇಕು. ಏಕೆಂದರೆ ನಮ್ಮ ಮನೆಗಳಲ್ಲಿ ನೇರವಾದ ಗೋಡೆಯೆಂಬುದು ದುರ್ಲಭ. ಸಾಲಿನ ಕೊನೆಯ ಹಲಗೆಯನ್ನು, ಬಣ್ಣದ ಮುಖ ಮೇಲಿರುವಂತೆಯೇ, ತಲೆ ಬುಡ ತಿರುಗಿಸಿ ಸಾಲಿನ ಪಕ್ಕದಲ್ಲಿಡಿರಿ. ಅದರ ತುದಿಗೂ ಗೋಡೆಗೂ ನಡುವೆ 10 ಮಿಲಿಮೀಟರಿನ ಬೆಣೆಯಿರಲಿ. ಈಗಾಗಲೇ ಹಾಸಿದ ಹಲಗೆಯ ಬಣ್ಣದ ಮುಖವು ಎಲ್ಲಿ ಮುಗಿಯುವುದೋ ಅಲ್ಲಿ ಗುರುತು ಹಾಕಿ, ಮೂಲೆಮಟ್ಟದಿಂದ ಗೆರೆ ಎಳೆಯಿರಿ. ಹೊರಚಾಚಿದ ನಾಲಗೆಯನ್ನು ಲೆಕ್ಕಕ್ಕೆ ಹಿಡಿಯಬಾರದು. ಹೀಗೆ ತಿರುಗಿಸಿ ಗುರುತಿಸಿದರೆ ಕೊಯ್ದ ತುದಿ ಗೋಡೆಯ ಕಡೆಗೂ, ಕಚ್ಚುವ ತುದಿ ಸಾಲಿನ ಕಡೆಗೂ ತಾನಾಗಿಯೇ ಬರುವುವು. ತಿರುಗಿಸದೆ ಗುರುತಿಸಿದವರು ಕಚ್ಚುವ ತುದಿಯನ್ನೇ ಕೊಯ್ದು ಹಲಗೆಯನ್ನು ಕೆಡಿಸುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದ ನಷ್ಟ.

ಕೊನೆಯ ಸಾಲಿಗೆ ಅಳತೆಗೋಲೇ ಬೇಡ. ಕೊಯ್ಯಬೇಕಾದ ಹಲಗೆಯನ್ನು ಹಾಸಿದ ಕೊನೆಯ ಹಲಗೆಯ ಮೇಲೆ ಅಂಚಿಗೆ ಅಂಚು ಕೂಡುವಂತೆ ಇಡಿರಿ. ನಾಲಗೆಯನ್ನು ತೆಗೆದುಹಾಕಿದ ಒಂದು ಗಿಡ್ಡ ತುಂಡನ್ನು ಅದರ ಮೇಲೆ ಅಡ್ಡಲಾಗದಂತೆ, ಅದೇ ದಿಕ್ಕಿನಲ್ಲಿಟ್ಟು, ಗೋಡೆಯ ಬಳಿಯ ಬೆಣೆಗೆ ತಾಗಿಸಿ, ಗೋಡೆಯುದ್ದಕ್ಕೂ ಸರಿಸುತ್ತ ಹೋಗಿರಿ. ಆ ತುಂಡಿನ ಒಳಗಡೆಯ ಅಂಚಿಗೆ ಒತ್ತಿ ಹಿಡಿದ ಸೀಸದ ಕಡ್ಡಿಯು ಕೆಳಗಿನ ಹಲಗೆಯ ಮೇಲೆ ಗೋಡೆಯ ಓರೆಕೋರೆಗಳನ್ನೆಲ್ಲ ಇದ್ದಂತೆಯೇ ಬರೆದುಕೊಡುವುದು. ಹಡಗಿನ ಬಡಗಿಗಳಿಂದ ಮೊದಲ್ಗೊಂಡು ಎಲ್ಲ ಮರಗೆಲಸದವರೂ ಬಲ್ಲ ಉಪಾಯವಿದು.

ಇನ್ನು ತೆರಪಿನ ಮಾತು. ಈ ಹಲಗೆಯ ತಿರುಳು ಮರದ ನಾರೇ ಆಗಿರುವುದರಿಂದ ಗಾಳಿಯ ತೇವವನ್ನು ಕುಡಿದು ಹಿಗ್ಗುವುದು, ಬೇಸಗೆಯಲ್ಲಿ ಕುಗ್ಗುವುದು. ನೆಲಕ್ಕೆ ಅಂಟಿಸದೆ, ಮೊಳೆ ಹೊಡೆಯದೆ ತೇಲಲು ಬಿಟ್ಟಿರುವುದು ಇದಕ್ಕಾಗಿಯೇ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಮಳೆಗಾಲವನ್ನು ಕಂಡವರಿಗೆ ಬಾಗಿಲುಗಳು ಬಿಗಿಯುವುದನ್ನು ಹೇಳಿಕೊಡಬೇಕಾಗಿಲ್ಲ. ಆ ಬಿಗಿತವೇ ಕೋಣೆಯಗಲದ ಹಲಗೆಗೆ ಬಂದರೆ ಏನಾಗುವುದೆಂಬುದನ್ನು ಊಹಿಸಬಹುದು. ಗೋಡೆಗೆ ತಾಗುವಂತೆ ಕೊಯ್ದ ನೆಲವು ಬೇಸಗೆಯಲ್ಲಿ ನೋಡಲು ಚೆಲುವಾಗಿದ್ದು, ಆಷಾಢದಲ್ಲಿ ನಡುವೆ ಉಬ್ಬಿ ಏಳುವುದು. ಕೆಲಸದವರು ಬಿಟ್ಟ ತೆರಪನ್ನು ಕಂಡು, ಕೊಯ್ತ ತಪ್ಪಿತೆಂದು ಜಗಳ ತೆಗೆದು, ಅದಕ್ಕೆ ಬಿಳಿ ಸಿಮೆಂಟು ತುಂಬಿಸುವ ಯಜಮಾನರುಂಟು. ಕಾಣುವ ಅಂಚಿಗಾಗಿ ಕಾಣದ ತೆರಪನ್ನು ಕೊಲ್ಲುವುದೆಂದರೆ ಇದೇ. ತೆರಪನ್ನು ಮುಚ್ಚತಕ್ಕುದು ಸ್ಕರ್ಟಿಂಗ್ ಪಟ್ಟಿ; ಆ ಪಟ್ಟಿಯನ್ನೂ ಗೋಡೆಗೆ ಹೊಡೆಯಬೇಕೇ ಹೊರತು ನೆಲಕ್ಕಲ್ಲ. ಇದೇ ಕಾರಣದಿಂದ ತಂದ ಹಲಗೆಗಳನ್ನು ಕಟ್ಟು ಬಿಚ್ಚದೆ ಅದೇ ಕೋಣೆಯಲ್ಲಿ 48 ಗಂಟೆಗಳ ಕಾಲ ಸಮತಲವಾಗಿ ಮಲಗಿಸಿಟ್ಟು, ಅನಂತರ ಕೊಯ್ಯಬೇಕು.

ಕೊಳವೆಯು ನೆಲದಿಂದ ಏಳುವಲ್ಲಿ ಅದರ ದಪ್ಪಕ್ಕಿಂತ 20 ಮಿಲಿಮೀಟರ್ ಹೆಚ್ಚಾದ ತೂತನ್ನು ಬೈರಿಗೆಯಿಂದ ತೆಗೆದು, ತೂತಿನ ನಡುವಿಗೆ ಸರಿಯಾಗಿ ಹಲಗೆಯನ್ನು ಅಡ್ಡ ಕೊಯ್ದು, ಎರಡು ಕಡೆಯಿಂದ ಕೂಡಿಸುವುದು. ಬಾಗಿಲ ಚೌಕಟ್ಟಿನ ಸಂಗತಿ ಬೇರೆ. ಅಲ್ಲಿ ಚೌಕಟ್ಟಿನ ಆಕಾರಕ್ಕೆ ಹಲಗೆಯನ್ನು ಕೊರೆಯಲು ಹೋದರೆ ಎಷ್ಟು ನುರಿತವನ ಕೈಯೂ ನಡುಗುವುದು. ಚೌಕಟ್ಟು ಮರದ್ದಾದರೆ ಅದರ ಬುಡವನ್ನೇ ತುಸು ಕೊಯ್ದು ಹಲಗೆಯನ್ನು ಅದರೊಳಕ್ಕೆ ನುಗ್ಗಿಸುವುದು ಸುಲಭ. ಹಲಗೆಯ ಒಂದು ಚೂರನ್ನು ಅಡಿಹಾಸಿನ ಮೇಲಿಟ್ಟು, ಗರಗಸವನ್ನು ಅದರ ಮೇಲೆ ಮಲಗಿಸಿ ಕೊಯ್ದರೆ ಎತ್ತರವು ತಾನಾಗಿಯೇ ಸರಿಹೋಗುವುದು. ಆದರೆ ತಲೆಬಾಗಿಲ ಚೌಕಟ್ಟಿಗೆ ಗರಗಸ ಹಾಕಲು ನಮ್ಮ ಮನೆಗಳ ಹೆಂಗಸರು ಒಪ್ಪಲಾರರು, ಒಪ್ಪದಿರುವುದೇ ಸರಿ. ಅರಿಸಿನ ಕುಂಕುಮವಿಟ್ಟು ದಿನವೂ ನೀರು ಹಾಕಿ ತೊಳೆಯುವ ಹೊಸ್ತಿಲಿನ ಬಳಿಗೆ ಈ ಹಲಗೆಯನ್ನು ಒಯ್ಯಲೇಬಾರದು. ಕೊಯ್ದ ಅಂಚಿಗೆ ನೀರು ತಾಗಿದರೆ ಅದು ಅವಲಕ್ಕಿಯಂತೆ ಉಬ್ಬುವುದು. ಒಣಗಿದ ಮೇಲೆಯೂ ತಗ್ಗದು.

ಇನ್ನು ನಾವು ಒತ್ತಿ ಹೇಳಬೇಕಾದ ವಿಷಯ. ಕೆಲಸಕ್ಕೆ ಬರುವವರಲ್ಲಿ ಅನೇಕರು ಮಾರ್ಬಲ್ ಕಟ್ಟರ್ ಎಂಬ ಕಲ್ಲು ಕೊಯ್ಯುವ ಸಣ್ಣ ಯಂತ್ರಕ್ಕೆ ಮರದ ಅಲಗನ್ನು ಸಿಕ್ಕಿಸಿ ತರುವರು. ಮರ ಕೊಯ್ಯುವ ಏಳು ಇಂಚಿನ ಚಕ್ರಗರಗಸವು ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗಿದರೆ, ಈ ಯಂತ್ರವು ಸುಮಾರು 12,000 ಸುತ್ತು ತಿರುಗುವುದು. ಕಲ್ಲಿನ ಅಲಗಿಗೆ ಹಲ್ಲುಗಳಿಲ್ಲ. ಮರದ ಅಲಗಿಗೆ ಉಂಟು. ಹಲ್ಲು ಹಲಗೆಯಲ್ಲಿ ಸಿಕ್ಕಿಕೊಂಡರೆ ಯಂತ್ರವು ಹಿಂದಕ್ಕೆ ಚಿಮ್ಮಿ, ಹಿಡಿದವನ ತೊಡೆಗೋ ಎಡಗೈಗೋ ಬರುವುದು. ಗೆರೆ ಕಾಣುವುದಿಲ್ಲವೆಂದು ಅಲಗಿನ ಮರೆಯನ್ನು ಕಳಚಿಡುವ ರೂಢಿಯೂ ಉಂಟು. ಒಂದು ಕಾಲಿನಿಂದ ಹಲಗೆಯನ್ನು ಮೆಟ್ಟಿಕೊಂಡು ಕೊಯ್ಯುವುದಂತೂ ಸಾಮಾನ್ಯ. ಮೇಸ್ತ್ರಿಗಳು ತಮ್ಮ ಕೆಲಸವನ್ನು ನಮಗಿಂತ ಚೆನ್ನಾಗಿ ಬಲ್ಲರೆಂಬುದು ನಿಜ. ಆದರೂ ಹನ್ನೆರಡು ಕೊಯ್ತಗಳಿಗಾಗಿ ಒಬ್ಬನ ಬೆರಳನ್ನು ಪಣಕ್ಕಿಡುವ ಅಗತ್ಯವಿಲ್ಲ. “ಅದನ್ನು ಬದಿಗಿಡಿ ಮೇಸ್ತ್ರಿಗಳೇ, ಕೈಗರಗಸ ತಂದಿಟ್ಟಿದ್ದೇವೆ; ಅರ್ಧ ದಿನ ಹೆಚ್ಚು ಹಿಡಿದರೂ ಕೂಲಿ ಕೊಡುತ್ತೇವೆ” ಎಂದು ಯಜಮಾನರೇ ಮೊದಲು ಹೇಳಬೇಕು. ಕೂಲಿಯನ್ನು ಚದರಡಿಯ ಲೆಕ್ಕದಲ್ಲಿ ಮಾತಾಡಿಕೊಂಡವನು ಅವಸರಪಡುವುದು ಸಹಜ. ಅವಸರದ ಮೂಲ ಅಲ್ಲಿರುವುದರಿಂದ ಪರಿಹಾರವೂ ಅಲ್ಲಿಯೇ ಇದೆ. ಅಡ್ಡಗೊಯ್ತಕ್ಕೆ, ಅಡಕತ್ತರಿಯಂತೆ ಹಿಡಿಯನ್ನು ಒತ್ತಿ ಕತ್ತರಿಸುವ ಒಂದು ಸಾಧನವೂ ಈಗ ದೊರೆಯುವುದು. ಅದರಲ್ಲಿ ಸದ್ದಿಲ್ಲ, ಧೂಳೂ ಇಲ್ಲ. ಮಕ್ಕಳಿರುವ ಮನೆಗೆ ನಾವು ಅದನ್ನೇ ಮೆಚ್ಚುವೆವು.

ಧೂಳಿನ ವಿಷಯವನ್ನೂ ಲಘುವಾಗಿ ಎಣಿಸಲಾಗದು. ಮರದ ಧೂಳು ಮನುಷ್ಯನಲ್ಲಿ ಕ್ಯಾನ್ಸರನ್ನುಂಟುಮಾಡುವ ವಸ್ತುವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದವರು 1995ರಲ್ಲಿ ಪ್ರಕಟಿಸಿದರು. ಇಂತಹ ಹಲಗೆಗಳ ರಾಳದಲ್ಲಿ ಬಳಸುವ ಫಾರ್ಮಾಲ್ಡಿಹೈಡನ್ನು 2004ರಲ್ಲಿ ಅದೇ ಪಂಕ್ತಿಗೆ ಸೇರಿಸಿದರು. ಒಂದು ಕೋಣೆಯನ್ನು ಹಾಸಿಕೊಂಡ ಗೃಹಸ್ಥನು ಇದಕ್ಕೆ ಹೆದರಿ ನಿದ್ದೆಗೆಡಬೇಕಾಗಿಲ್ಲ. ದಿನವೂ, ವರ್ಷಗಟ್ಟಲೆ, ಕಿಟಕಿ ಮುಚ್ಚಿದ ಕೋಣೆಗಳಲ್ಲಿ ಕೊಯ್ಯುವ ಕೆಲಸಗಾರನ ಮಾತು ಹಾಗಲ್ಲ. ಅವನಿಗೆ ಬಾಲ್ಕನಿಯನ್ನೋ ತಾರಸಿಯನ್ನೋ ಬಿಟ್ಟುಕೊಟ್ಟು, ಎನ್ 95 ಮುಖವಾಡವನ್ನು ತಂದುಕೊಡುವುದು ಮನೆಯವರಿಗೆ ಸೇರಿದ ಕೆಲಸ. ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಸುತ್ತಿಕೊಂಡರೆ ಈ ನುಣುಪಾದ ಧೂಳು ನಿಲ್ಲದು. ಕೊಯ್ದ ಮೇಲೆ ಒಣ ಪೊರಕೆಯಿಂದ ಗುಡಿಸದೆ, ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಅಷ್ಟರವರೆಗೆ ಬೀಸಣಿಗೆಯನ್ನು ತಿರುಗಿಸಬಾರದು, ಕೈಗೂಸುಗಳನ್ನು ಆ ಕಡೆಗೆ ಬಿಡಬಾರದು.

ಮಿಕ್ಕ ಹಲಗೆಗಳಲ್ಲಿ ಎರಡನ್ನು ಮುಂದಿನ ದುರಸ್ತಿಗೆಂದು ಮಂಚದ ಕೆಳಗೆ ಮಲಗಿಸಿಟ್ಟುಕೊಳ್ಳಿರಿ. ಅದೇ ಬಣ್ಣವು ಎರಡು ವರ್ಷಗಳ ಮೇಲೆ ಅಂಗಡಿಯಲ್ಲಿ ಸಿಕ್ಕುವುದೆಂಬ ಭರವಸೆಯಿಲ್ಲ. ಚಿಕ್ಕಪುಟ್ಟ ತುಂಡುಗಳು ಕಪಾಟಿನೊಳಗೆ ಹಾಸಲು ಬರುವುವು. ಒಣಸೌದೆಯಂತೆ ಕಾಣುವುದೆಂದು ಅವುಗಳನ್ನು ಬಚ್ಚಲ ಒಲೆಗೆ ಮಾತ್ರ ಒಟ್ಟಬೇಡಿರಿ. ಸುಡುವ ರಾಳದ ಹೊಗೆಯು ನೀರು ಕಾಯಿಸುವವರ ಕಣ್ಣಿಗೂ ಎದೆಗೂ ಕೇಡು. ಅವು ಪುರಸಭೆಯವರ ಒಣಕಸದ ಗಾಡಿಗೆ ಹೋಗಲಿ.